ಬಂಗುಡೆ ಬಿಟ್ಟ ದುರ್ಗ ರೋಬೋಟು ಕಲಿಸಿದ್ದು

ತೆಂಗಿನಗುಂಡಿ ಬಂದರಿಗೆ ಹೋಗಿ ದುರ್ಗನ ಅಂಗಡಿ ಯಾವುದು ಎಂದು ಕೇಳಿ ನೋಡಿ. ಉತ್ತರಕ್ಕಿಂತ ಮೊದಲು ಪ್ರಶ್ನೆ ಬರುತ್ತದೆ: "ಯಾವ ದುರ್ಗ? ಬಂಗುಡೆ ಬಿಟ್ಟ ದುರ್ಗನಾ?" ದುರ್ಗ ಎಂಬ ಹೆಸರಿನವರು ಊರಲ್ಲಿ ಆರೇಳು ಜನ ಇದ್ದಾರು. ಬಂಗುಡೆ ಬಿಟ್ಟವನು ಒಬ್ಬನೇ.

ಅವನಿಗೆ ಈಗ ಅರವತ್ತೆರಡು. ಬಂಗುಡೆ ಬಿಟ್ಟಾಗ ಇಪ್ಪತ್ತೆರಡು. ನಡುವಿನ ನಲವತ್ತು ವರ್ಷಗಳಲ್ಲಿ ಸುಟ್ಟುಹೋದ ಎಷ್ಟು ಪಂಪು, ಎಷ್ಟು ಫ್ಯಾನು, ಎಷ್ಟು ಮಿಕ್ಸಿಗಳಿಗೆ ಅವನು ತಂತಿ ಸುತ್ತಿ ಮತ್ತೆ ಉಸಿರು ಕೊಟ್ಟಿದ್ದಾನೋ ಲೆಕ್ಕವಿಲ್ಲ. ಆದರೆ ಊರಿನ ಬಾಯಿಗೆ ರುಚಿಸಿದ್ದು ಆ ಒಂದು ಬೆಳಗಿನ ಮೀನು ಮಾತ್ರ.

ಅದು ರಂಪಣಿಯ ಕಾಲ. ದೋಣಿಯವರು ದೊಡ್ಡ ಬಲೆಯನ್ನು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡು ತುದಿಯ ಹಗ್ಗ ತಂದು ದಡದವರ ಕೈಗೆ ಕೊಡುತ್ತಿದ್ದರು. ದಡದಲ್ಲಿ ಎರಡು ತಂಡ. ಎರಡೂ ಒಂದೇ ಹದದಲ್ಲಿ ಎಳೆಯಬೇಕು. ಒಂದು ಕಡೆ ಮುಂದಾದರೆ ಬಲೆ ಸೊಟ್ಟಗಾಗುತ್ತದೆ, ಅಡಿಯ ಹಗ್ಗ ಮೇಲೆದ್ದು ಮೀನಿಗೆ ಹೆಬ್ಬಾಗಿಲು ತೆರೆಯುತ್ತದೆ. ಅದಕ್ಕೇ ನಡುವೆ ತಂಡೇಲ, ಅಂದರೆ ಬಲೆಯವರ ಮುಖ್ಯಸ್ಥ, ಟವೆಲು ಹಿಡಿದು ನಿಂತಿರುತ್ತಿದ್ದ. ಯಾವ ಕಡೆಗೆ ಟವೆಲು ಬೀಸಿದನೋ ಆ ಕಡೆಯವರು ನಿಧಾನ ಮಾಡಬೇಕು. ಆ ದಿನ ಎಡದ ಹಗ್ಗಕ್ಕೆ ದುರ್ಗ ಮುಂದಾಳು, ಬಲದ ಹಗ್ಗಕ್ಕೆ ಬೀರ. ಬೀರನ ಅಕ್ಕ ನಾಗಮ್ಮ ಬುಟ್ಟಿ ಹಿಡಿದು ದಡದಲ್ಲಿ ನಿಂತಿದ್ದಳು. ಅವಳು ನೋಡುತ್ತಿದ್ದಾಳೆ ಎಂಬುದೊಂದೇ ಸಾಕಾಯಿತು. ದುರ್ಗನ ರಟ್ಟೆಗೆ ನಾಲ್ಕು ಆಳಿನ ಬಲ ಬಂತು. ತಂಡೇಲ ಎಡಕ್ಕೆ ಟವೆಲು ಬೀಸಿದ. ದುರ್ಗ ಆಕಾಶ ನೋಡಿದ. ತಂಡೇಲ ಬೈದ. ದುರ್ಗನಿಗೆ ಕಡಲಿನ ಸದ್ದು ಜೋರಾಗಿ ಕೇಳಿಸಿತು. ಬೀರನ ತಂಡಕ್ಕಿಂತ ಇಪ್ಪತ್ತು ಮಾರು ಮುಂದೆ ಹಗ್ಗ ಎಳೆದು ಗೆದ್ದು ತಿರುಗಿ ನೋಡಿದರೆ, ಬಲೆಯಲ್ಲಿ ಒಂದು ಏಡಿ, ನಾಲ್ಕು ಜೆಲ್ಲಿ ಮೀನು. ಬಂಗುಡೆಯ ಹಿಂಡು ಹಿಂದಿನ ಬಾಗಿಲಿಂದ ಹೊರಟುಹೋಗಿತ್ತು.

ಆ ಮೇಲೆ ನಾಗಮ್ಮ ಅವನನ್ನೇ ಮದುವೆಯಾದಳು. "ಮೀನು ಬಿಟ್ಟ, ಹೆಣ್ಣು ಬಿಡಲಿಲ್ಲ" ಎಂದು ಮದುವೆಯ ಊಟದ ಪಂಕ್ತಿಯಲ್ಲೇ ಮಾತು ಹುಟ್ಟಿತು. ಹುಟ್ಟಿಸಿದವನು ಬೇರೆ ಯಾರೂ ಅಲ್ಲ, ಈಗ ಭಾವಮೈದುನನಾಗಿದ್ದ ಬೀರ. ಅವನ ಚಾ ಅಂಗಡಿ ದುರ್ಗನ ಅಂಗಡಿಯ ನೇರ ಎದುರಿಗೆ. ನಲವತ್ತು ವರ್ಷದಿಂದ ಅವನು ಚಾ ಸೋಸುತ್ತ ಆ ಹೆಸರನ್ನು ಬಾಡದ ಹಾಗೆ ನೋಡಿಕೊಂಡು ಬಂದಿದ್ದಾನೆ.

ಇಂಥ ದುರ್ಗನ ಅಂಗಡಿಗೆ ಒಂದು ಶನಿವಾರ ಹೈಸ್ಕೂಲಿನ ಉಮಾ ಅಕ್ಕೋರು ರಟ್ಟಿನ ಪೆಟ್ಟಿಗೆ ಹೊತ್ತು ಬಂದರು. ಗಣಿತ, ವಿಜ್ಞಾನ ಕಲಿಸುವವರು. ಪೆಟ್ಟಿಗೆಯಿಂದ ಸುಟ್ಟ ವಾಸನೆ ಬರುತ್ತಿತ್ತು.

"ದುರ್ಗಣ್ಣ, ಶಾಲೆಗೆ ರೋಬೋಟು ಬಂದಿದೆ. ಮಕ್ಕಳು ಜೋಡಿಸಿದರು. ಓಡಬೇಕಾಗಿತ್ತು. ಹೊಗೆ ಬಂತು."

ಅವರು ಕರೆದ 'ದುರ್ಗಣ್ಣ' ಎಂಬ ಮಾತಿಗೇ ದುರ್ಗ ಅರ್ಧ ಕರಗಿದ್ದ. ಪೆಟ್ಟಿಗೆ ಬಿಡಿಸಿ ನೋಡಿದ. ಹಳದಿ ಬಣ್ಣದ ಪುಟ್ಟ ಮೋಟಾರು, ರಬ್ಬರಿನ ಗಾಲಿ, ಬ್ಯಾಟರಿ, ಕೈಯಲ್ಲಿ ಹಿಡಿಯುವ ರಿಮೋಟು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ಸಂಜೆಯೊಳಗೆ ಅದನ್ನು ಓಡಿಸಿಯೂ ಬಿಟ್ಟ. ಅದು ಅಂಗಡಿಯಿಂದ ಹೊರಬಿದ್ದು ರಸ್ತೆ ದಾಟಿ ಬೀರನ ಬೆಂಚಿನಡಿ ನುಗ್ಗಿ, ಅಲ್ಲಿ ಮಲಗಿದ್ದ ನಾಯಿಯನ್ನು ಎಬ್ಬಿಸಿತು.

"ಎಂತದು ಭಾವ, ಬಂಗುಡೆ ಹುಡುಕೂಕೆ ಬಿಟ್ಯಾ?" ಎಂದ ಬೀರ.

ಮುಂದಿನ ಶನಿವಾರದಿಂದ ದುರ್ಗ ಶಾಲೆಯಲ್ಲಿ ರೋಬೋಟು ಕಲಿಸತೊಡಗಿದ. ಹನ್ನೆರಡು ಮಕ್ಕಳು, ಎರಡು ಬಂಡಿ. ಮಕ್ಕಳು ರೋಬೋಟನ್ನು ಬಂಡಿ ಎಂದೇ ಕರೆಯುತ್ತಿದ್ದರು. ಒಂದು ತಂಡಕ್ಕೆ ಒಂಬತ್ತನೆಯ ತರಗತಿಯ ಅಂಕಿತಾ ಮುಂದಾಳು. ಮಾತು ಕಡಿಮೆ, ನೋಟ ಜಾಸ್ತಿ. ಇನ್ನೊಂದಕ್ಕೆ ಹರೀಶ, ಅವನಿಗೆ ಸ್ಕ್ರೂ ಬಿಗಿಸುವುದಕ್ಕಿಂತ ಸವಾಲು ಹಾಕುವುದು ಇಷ್ಟ. ದುರ್ಗನಿಗೆ ಅವನಲ್ಲಿ ತನ್ನ ಇಪ್ಪತ್ತೆರಡರ ವಯಸ್ಸು ಕಾಣುತ್ತಿತ್ತು. ಅದಕ್ಕೇ ಹೊರಗೆ ಅವನನ್ನೇ ಹೆಚ್ಚು ಬೈಯುತ್ತಿದ್ದ.

ಓಟದ ಸ್ಪರ್ಧೆ ಇಟ್ಟದ್ದೇ ತಡ, ತರಗತಿ ಯುದ್ಧಭೂಮಿಯಾಯಿತು. ಒಂದು ತಂಡದ ನಟ್ಟುಗಳು ಇನ್ನೊಂದು ತಂಡದ ತಿಂಡಿ ಡಬ್ಬಿಯಲ್ಲಿ ಸಿಕ್ಕವು. ಅಂಕಿತಾಳ ಬಂಡಿಯ ಗಾಲಿಗೆ ಯಾರೋ ತೆಂಗಿನೆಣ್ಣೆ ಸವರಿದ್ದರು. ಅದು ನಿಂತಲ್ಲೇ ಗಿರ್ರೆಂದು ತಿರುಗಿತು. ದುರ್ಗ ಒಳಗೊಳಗೇ ಖುಷಿಪಟ್ಟ. ಉಮಾ ಅಕ್ಕೋರು ಖುಷಿಪಡಲಿಲ್ಲ.

"ದುರ್ಗಣ್ಣ, ಇವರು ಒಬ್ಬರ ಕಾಲು ಒಬ್ಬರು ಎಳೀತಿದ್ದಾರೆ. ಇವತ್ತಿಂದ ಹೊಸ ಕಾನೂನು. ಗೆದ್ದ ತಂಡ ಸೋತವರ ಬಂಡಿ ರಿಪೇರಿ ಮಾಡಿಕೊಡಬೇಕು."

"ಅಕ್ಕೋರೇ, ಹಾಂಗಾದ್ರೆ ಗೆದ್ದದ್ದು ಎಂತಕ್ಕೆ?"

"ಅದನ್ನ ನೀವೇ ಕಲಿಸಿ" ಎಂದು ಅಕ್ಕೋರು ಹೊರಟರು.

ಮರು ಶನಿವಾರ ಎರಡು ಬಂಡಿಗಳನ್ನೂ ಗೆರೆಯ ಮೇಲೆ ಇಟ್ಟರು. ದುರ್ಗ ಸೀಟಿ ಊದಿದ. ಎರಡೂ ಅಲ್ಲಾಡಲಿಲ್ಲ. ಮತ್ತೆ ಊದಿದ. ಹರೀಶ ರಿಮೋಟನ್ನು ಬೆನ್ನ ಹಿಂದೆ ಹಿಡಿದು ಬಾಗಿಲ ಕಡೆ ನೋಡುತ್ತಿದ್ದ. ಅಂಕಿತಾ ಉಗುರು ನೋಡುತ್ತಿದ್ದಳು. ದುರ್ಗನಿಗೆ ಆಮೇಲೆ ಹೊಳೆಯಿತು: ಸೋತರೆ ಎದುರಾಳಿಯೇ ರಿಪೇರಿ ಮಾಡಿಕೊಡುತ್ತಾನೆ, ತಾವು ಕೂತು ಕಡಲೆ ತಿನ್ನಬಹುದು ಎಂದು ಎರಡೂ ತಂಡ ಪಣ ತೊಟ್ಟಿದ್ದವು. ನಿಂತೇ ಇರುವ ಓಟವನ್ನು ದುರ್ಗ ತನ್ನ ಜನ್ಮದಲ್ಲೇ ಮೊದಲು ನೋಡಿದ್ದು.

"ಅಯ್ಯೋ ನಿಮ್ಮ! ನನ್ನ ಮೀರಿಸಿದ್ರಲ್ಲಾ!" ಎಂದು ಅವನು ನೆಲದ ಮೇಲೇ ಕೂತುಬಿಟ್ಟ.

ಕೂತವನು ಅಕ್ಕೋರ ಕಾನೂನಿಗೆ ತನ್ನದೊಂದು ಬಾಲ ಕಟ್ಟಿದ. ಮೊದಲು ಬಂದವರಿಗೆ ಐದು ಮಾರ್ಕು, ಆದರೆ ಅದು ಹಲಗೆಯ ಮೇಲೆ ಏರಬೇಕಾದರೆ ಮಧ್ಯಾಹ್ನದ ಗಂಟೆಯೊಳಗೆ ಸೋತವರ ಬಂಡಿಯೂ ಗೆರೆ ದಾಟಬೇಕು. ದಾಟದಿದ್ದರೆ ಗೆದ್ದವರ ಐದೂ ನೀರಿಗೆ. ಬೇಕೆಂದೇ ಸೋತರೆ ಎರಡೂ ತಂಡಕ್ಕೆ ಸೊನ್ನೆ. "ಸೋತವರ ಬಂಡಿ ದಾಟದೆ ಗೆದ್ದವರಿಗೆ ಮಾರ್ಕಿಲ್ಲ. ತಿಳೀತಾ?" ಎಂದು ಮೂರು ಸಲ ಹೇಳಿಸಿದ. ಅಲ್ಲಿಂದ ಮುಂದೆ ಮಜಾ ಬೇರೆಯೇ ಆಯಿತು. ಹರೀಶ ಗೆದ್ದೊಡನೆ ಅಂಕಿತಾಳ ಬಂಡಿಯ ಹತ್ತಿರ ಓಡುತ್ತಿದ್ದ. "ನಿಂಗೆ ತಂತಿ ಸುತ್ತೂಕೇ ಬರೂದಿಲ್ಲ, ಕೊಡಿಲ್ಲಿ" ಎಂದು ಬೈಯುತ್ತಲೇ ಸರಿಮಾಡುತ್ತಿದ್ದ. ಅವನ ಕೆಲಸ ನೋಡಿ ಕಲಿತ ಅಂಕಿತಾ ಮುಂದಿನ ವಾರ ಅವನನ್ನೇ ಸೋಲಿಸುತ್ತಿದ್ದಳು. ನಟ್ಟು ಅಡಗಿಸುವುದು ನಿಂತಿತು. ಅಡಗಿಸಿದರೆ ನಾಳೆ ತಾವೇ ಹುಡುಕಬೇಕಲ್ಲ.

ಉಮಾ ಅಕ್ಕೋರು ಮುಖ್ಯೋಪಾಧ್ಯಾಯರ ಎದುರು ದುರ್ಗನನ್ನು ಹೊಗಳಿದರು. ದುರ್ಗ ತಲೆ ಆಡಿಸಿದ. ಆದರೆ ಆ ಕಾನೂನು ಶಾಲೆಯ ಗೇಟಿನ ಒಳಗಿನದು, ಮಕ್ಕಳಿಗೆ ಮಾಡಿದ್ದು. ಗೇಟಿನ ಹೊರಗೆ ದುರ್ಗ ಮೊದಲಿನ ದುರ್ಗನೇ.

ಹೊನ್ನಾವರದಲ್ಲಿ ಹದಿನಾರು ಶಾಲೆಗಳ ರೋಬೋಟು ಸ್ಪರ್ಧೆ ಎಂದು ಸುದ್ದಿ ಬಂದ ದಿನ ಅವನು ಬೀರನ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ.

"ಬೀರಾ, ಸ್ಪರ್ಧೆಯ ಕಪ್ಪು ತೆಂಗಿನಗುಂಡಿಗೆ ಬಂದ್ರೆ ಬಂಗುಡೆ ಸುದ್ದಿ ನಿನ್ನ ಬಾಯಲ್ಲಿ ಬರೂಕಾಗ."

"ಆತು. ಬರದಿದ್ರೆ?"

"ನೀ ಹೇಳಿದ್ದು."

ಬೀರ ಚಾ ಸೋಸುವ ಬಟ್ಟೆ ಹಿಂಡಿ ಪಕ್ಕಕ್ಕಿಟ್ಟ. ಇಂಥ ಅವಕಾಶಕ್ಕೆ ಎರಡೂ ಕೈ ಖಾಲಿ ಇರಬೇಕು. "ಅಂಗಡಿಗೆ ಬೋರ್ಡು ಬರೆಸ್ಬೇಕು. ದೊಡ್ಡ ಅಕ್ಷರದಲ್ಲಿ. 'ಬಂಗುಡೆ ಬಿಟ್ಟ ದುರ್ಗ, ಮೋಟಾರ್ ರಿವೈಂಡಿಂಗ್.'"

ಚಾ ಕುಡಿಯುತ್ತಿದ್ದ ಹತ್ತು ಜನ ಸಾಕ್ಷಿ. ದುರ್ಗ ಒಪ್ಪಿದ. ಮನೆಗೆ ಹೋಗಿ ಹೇಳಿದರೆ ನಾಗಮ್ಮ ತಲೆ ಮೇಲೆತ್ತದೆ ಮೀನು ಕೊಯ್ಯುತ್ತ, "ಬೋರ್ಡಿಗೆ ಬಣ್ಣ ಯಾವ್ದು?" ಎಂದಳು.

ಸ್ಪರ್ಧೆಗೆ ಎರಡು ವಾರವಿತ್ತು. ಕತಗಾಲದ ಕಡೆಯ ಶಾಲೆಯ ರಾಮ ಮಾಸ್ತರು ಯಾವುದೋ ತರಬೇತಿಗೆಂದು ಭಟ್ಕಳಕ್ಕೆ ಬಂದವರು, ದುರ್ಗನ ಹೆಸರು ಕೇಳಿ ಅಂಗಡಿ ಹುಡುಕಿಕೊಂಡು ಬಂದರು. ಮೆತ್ತಗಿನ ಮನುಷ್ಯ. ಅದೇ ಸ್ಪರ್ಧೆಗೆಂದು ತಮ್ಮ ಮಕ್ಕಳು ಮಾಡಿದ ಬಂಡಿಯ ಫೋಟೋ ಮೊಬೈಲಿನಲ್ಲಿ ತೋರಿಸಿದರು. ಬಂಡಿಯ ಮೈಯನ್ನು ಮಕ್ಕಳು ಅಡಿಕೆ ಹಾಳೆಯಿಂದ ಮಾಡಿದ್ದರು. ದುರ್ಗ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದ. ಹಾಳೆ ಎಂದರೆ ಹಗುರ. ಇದಕ್ಕೆ ಒಳ್ಳೆಯ ಮೋಟಾರು ಸಿಕ್ಕರೆ ಗಾಳಿಯ ಹಾಗೆ ಹೋದೀತು.

"ನಮ್ಮ ಮೋಟಾರು ಸುಟ್ಟುಹೋಯ್ತು ದುರ್ಗಣ್ಣ. ಯಾವುದು ಹಾಕಿದರೆ ಒಳ್ಳೇದು? ನೀವು ಹೇಳಿದ ಹಾಗೆ."

ದುರ್ಗ ಕಪಾಟು ತೆರೆದ. ನಿಮಿಷಕ್ಕೆ ಇನ್ನೂರು ಸುತ್ತು ತಿರುಗುವ ಮೋಟಾರು ಎರಡೇ ಇದ್ದವು. ಅವನ್ನು ಒಳಗೆ ಸರಿಸಿದ. ಅರವತ್ತು ಸುತ್ತಿನವು ನಾಲ್ಕು ಇದ್ದವು. ನೋಡಲು ಎಲ್ಲ ಒಂದೇ ಥರ. ಮೈಮೇಲಿನ ಚೀಟಿ ಓದಿದರೆ ಮಾತ್ರ ವ್ಯತ್ಯಾಸ. ಮಾಸ್ತರು ನೀರು ಕುಡಿಯುವಷ್ಟರಲ್ಲಿ ದುರ್ಗ ಚೀಟಿ ಕೆರೆದು ತೆಗೆದ.

"ಇದು ಹಾಕಿ ಮಾಸ್ತರೇ. ಬಹಳ ಗಟ್ಟಿ ಮೋಟಾರು. ನಾಲ್ಕೂ ಇಟ್ಕೊಳಿ, ಎರಡು ಹೆಚ್ಚಿಗೆ ಇರಲಿ."

ಸುಳ್ಳಂತೂ ಹೇಳಲಿಲ್ಲ, ಗಟ್ಟಿಯೇ ಅದು. ಆಮೆಯೂ ಗಟ್ಟಿಯೇ. ಆದರೆ ಮಾಸ್ತರು ಹೋಗುವಾಗ ಚೀಲದಿಂದ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದು ಕೈಗಿತ್ತರು. ನಾಗಮ್ಮ ಅದನ್ನು ದಿನಾ ಗಂಜಿಯ ಜೊತೆ ಬಡಿಸಿದಳು. ಮಿಡಿ ದುರ್ಗನ ಗಂಟಲಲ್ಲಿ ದಿನಾ ಒಂದು ಕ್ಷಣ ನಿಂತು, ಮುಖ ನೋಡಿ, ಆಮೇಲೆ ಕೆಳಗಿಳಿಯುತ್ತಿತ್ತು.

ಸ್ಪರ್ಧೆಯ ದಿನ ಹೊನ್ನಾವರದ ಆ ಸಭಾಭವನ ಮಕ್ಕಳಿಂದ ಗಿಜಿಗಿಜಿ ಎನ್ನುತ್ತಿತ್ತು. ತೆಂಗಿನಗುಂಡಿಯಿಂದ ಒಂದೇ ಬಂಡಿ, ಅಂಕಿತಾ ಮತ್ತು ಹರೀಶ ಇಬ್ಬರೂ ಸೇರಿ ಕಟ್ಟಿದ್ದು. ಬೀರ ಅಂಗಡಿ ಮುಚ್ಚಿ ಬಂದಿದ್ದ; ಬೋರ್ಡಿನ ಅಳತೆ ತೆಗೆದುಕೊಂಡೇ ಬಂದಿದ್ದೇನೆ ಎಂದ. ಬೆಳಗ್ಗೆ ಬಿಡಿಬಿಡಿ ಓಟ. ತೆಂಗಿನಗುಂಡಿ ಎರಡನೆಯದು. ಕುಮಟೆಯ ಒಂದು ಶಾಲೆ ಮೊದಲು. ಕತಗಾಲದ ಹಾಳೆ ಬಂಡಿ ಹದಿನಾರನೆಯದಾಗಿ, ಮದುವಣಗಿತ್ತಿಯ ಹಾಗೆ ಮೆಲ್ಲಗೆ ಬಂತು. ದುರ್ಗ ಮೀಸೆಯೊಳಗೇ ನಕ್ಕ. ಕಪ್ಪು ಇದ್ದದ್ದು ಮಧ್ಯಾಹ್ನದ ಜೋಡಿ ಪಂದ್ಯಕ್ಕೆ, ಅದರಲ್ಲಿ ಗೆದ್ದರೆ ತಮ್ಮದು.

ಜೋಡಿ ಪಂದ್ಯದ ನಿಯಮವನ್ನು ಅಲ್ಲೇ ಓದಿ ಹೇಳಿದರು. ಚೀಟಿ ಎತ್ತಿ ಎರಡೆರಡು ಶಾಲೆ ಜೋಡಿ ಮಾಡುವುದು. ನೆಲದ ಮೇಲೆ ಒಂದು ಬಲೆ, ಅದರೊಳಗೆ ನೂರು ಪ್ಲಾಸ್ಟಿಕ್ ಚೆಂಡು. ಬಲೆಯ ಒಂದು ತುದಿ ಒಂದು ಶಾಲೆಯ ಬಂಡಿಗೆ, ಇನ್ನೊಂದು ತುದಿ ಇನ್ನೊಂದು ಶಾಲೆಯ ಬಂಡಿಗೆ. ಮೂರು ನಿಮಿಷದಲ್ಲಿ ಹೆಚ್ಚು ಚೆಂಡು ಗೆರೆ ದಾಟಿಸಿದ ಜೋಡಿಗೆ ಕಪ್ಪು.

ದುರ್ಗ ಮೆಲ್ಲಗೆ ತಿರುಗಿ ನೋಡಿದ. ಎರಡು ಬೆಂಚು ಆಚೆ ಬೀರ ಆಗಲೇ ನಗಲು ಶುರು ಮಾಡಿದ್ದ.

ಅಂಕಿತಾ ಡಬ್ಬಿಗೆ ಕೈ ಹಾಕಿ ಚೀಟಿ ತೆಗೆದಳು. ಕತಗಾಲ.

ಅಭ್ಯಾಸಕ್ಕೆ ಇಪ್ಪತ್ತು ನಿಮಿಷ ಕೊಟ್ಟರು. ಎರಡು ಬಂಡಿಗೂ ಬಲೆ ಕಟ್ಟಿ ಬಿಟ್ಟರು. ತೆಂಗಿನಗುಂಡಿಯದು ಮುನ್ನುಗ್ಗಿತು, ಕತಗಾಲದ್ದು ಹಿಂದೆಯೇ ಉಳಿಯಿತು, ಬಲೆ ಸೊಟ್ಟಗಾಯಿತು, ಚೆಂಡುಗಳೆಲ್ಲ ಪುತಪುತನೆ ಹೊರಗೆ ಉರುಳಿದವು.

"ಭಾವಾ! ಬಂಗುಡೆ ಹೋತು!" ಎಂದು ಬೀರ ಕೂಗಿದ್ದು ಇಡೀ ಸಭಾಭವನಕ್ಕೆ ಕೇಳಿಸಿತು.

ಅಂಕಿತಾ ಕತಗಾಲದ ಬಂಡಿಯನ್ನು ಬೋರಲು ಹಾಕಿದಳು. ಮೋಟಾರಿನ ಮೂಲೆಯಲ್ಲಿ ಒಂದು ನೀಲಿ ಚುಕ್ಕೆ. ದುರ್ಗನ ಅಂಗಡಿಯಿಂದ ಹೊರಡುವ ಪ್ರತಿ ಸಾಮಾನಿಗೂ ಅವನು ಹಾಕುವ ಗುರುತು ಅದು. ಶನಿವಾರಗಳಲ್ಲಿ ಅಂಕಿತಾಳ ಕೈಯಲ್ಲೇ ಹಾಕಿಸಿದ್ದ.

"ಅಜ್ಜಾ, ಇದು ನಮ್ಮದಲ್ದಾ?"

ಕತಗಾಲದ ತಂಡದ ಅರ್ಚಿತಾ ಖುಷಿಯಿಂದ, "ಹೌದು, ದುರ್ಗಜ್ಜನೇ ಕೊಟ್ಟದ್ದು. ಗಟ್ಟಿ ಮೋಟಾರಂತೆ" ಎಂದಳು.

"ಎಷ್ಟು ಸುತ್ತಿಂದು? ಚೀಟಿ ಎಲ್ಲಿ?"

ಅರ್ಚಿತಾಳಿಗೆ ಗೊತ್ತಿರಲಿಲ್ಲ. ಅಂಕಿತಾ ಕೆರೆದ ಜಾಗದ ಮೇಲೆ ಬೆರಳಾಡಿಸಿ ದುರ್ಗನನ್ನು ನೋಡಿದಳು. ದುರ್ಗ ಸೂರಿನ ಫ್ಯಾನು ನೋಡಿದ. ಅದರ ಬೇರಿಂಗು ಸವೆದಿತ್ತು. ಆದರೆ ಅದರಿಂದ ಈಗ ಯಾವ ಉಪಕಾರವೂ ಆಗುವಂತಿರಲಿಲ್ಲ. ನಲವತ್ತು ವರ್ಷದ ಹಿಂದೆ ಆಕಾಶ ನೋಡಿದ್ದು ನೆನಪಾಯಿತು. ಆ ದಿನ ಮೇಲೆ ನೋಡದೆ ಟವೆಲು ನೋಡಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ. ಬಾಯಿ ಮುಚ್ಚಿ ಕೂತರೆ ಮಕ್ಕಳು ಸೋಲುತ್ತಾರೆ, ಬೋರ್ಡು ಏರುತ್ತದೆ. ಬಾಯಿ ಬಿಟ್ಟರೆ ಬೀರ ಕೇಳಿಸಿಕೊಳ್ಳುತ್ತಾನೆ, ಬೋರ್ಡಿಗೆ ಇನ್ನೊಂದು ಸಾಲು ಸೇರುತ್ತದೆ.

"ರಾಮ ಮಾಸ್ತರೇ" ಎಂದ. "ಅದು ಅರವತ್ತರದ್ದು. ಗೊತ್ತಿದ್ದೇ ಕೊಟ್ಟೆ. ಚೀಟಿ ನಾನೇ ಕೆರೆದದ್ದು."

ಬೀರನ ನಗು ಅಲ್ಲೇ ನಿಂತಿತು. ಭಾವ ತಪ್ಪು ಒಪ್ಪಿದ್ದನ್ನು ಅವನು ಇದುವರೆಗೆ ಕಂಡಿರಲಿಲ್ಲ; ಹೇಗೆ ನಗಬೇಕೆಂದು ತಿಳಿಯಲಿಲ್ಲ.

ಮಾಸ್ತರು ಕನ್ನಡಕ ತೆಗೆದು ಒರಸಿ ಮತ್ತೆ ಹಾಕಿಕೊಂಡರು. "ಉಪ್ಪಿನಕಾಯಿ ತಿಂದ್ರಾ?"

"ತಿಂದೆ."

"ಖಾರ ಹತ್ತಿತಾ?"

"ದಿನಾ ಹತ್ತಿತು ಮಾಸ್ತರೇ."

"ಅಡ್ಡಿಲ್ಲೆ" ಎಂದರು ಮಾಸ್ತರು, ಮನೆಯ ಮಾತಿನಲ್ಲೇ. "ಈಗೆಂತ ಮಾಡೋದು, ಅದು ಹೇಳಿ."

ಇನ್ನೂರರ ಮೋಟಾರು ದುರ್ಗನ ಚೀಲದಲ್ಲಿ ಇನ್ನೊಂದು ಇರಲಿಲ್ಲ. ಕತಗಾಲದವರ ಡಬ್ಬಿಯಲ್ಲಿ ಮಾತ್ರ ಅವನೇ ಕೊಟ್ಟ ಅರವತ್ತರವು ಎರಡು ಹೆಚ್ಚಿಗೆ ಬಿದ್ದಿದ್ದವು. "ಆ ಎರಡನ್ನ ನಮ್ಮ ಬಂಡಿಗೆ ಹಾಕುದು. ಆಗ ಎರಡೂ ಒಂದೇ ನಡಿಗೆ" ಎಂದ.

"ನಮ್ಮ ಬಂಡಿ ಕುಂಟಿ ಮಾಡೂದಾ?" ಹರೀಶ ಬಂಡಿಯನ್ನು ಎದೆಗವಚಿಕೊಂಡ. "ಅಜ್ಜಾ, ಮೂರು ತಿಂಗಳು ಕೂತು ಮಾಡಿದ್ದು!"

"ಸೋತವರ ಬಂಡಿ ದಾಟದೆ ಗೆದ್ದವರಿಗೆ ಮಾರ್ಕಿಲ್ಲ" ಎಂದಳು ಅಂಕಿತಾ. "ಯಾರು ಹೇಳಿದ್ದು? ಮೂರು ಸಲ ಹೇಳಿಸಿದ್ದು ಯಾರು?"

ಎಲ್ಲರೂ ದುರ್ಗನನ್ನು ನೋಡಿದರು. ತಾನು ಕಲಿಸಿದ ಪಾಠ ತನ್ನ ಮುಂದೆಯೇ ಸೊಂಟಕ್ಕೆ ಕೈಯಿಟ್ಟು ನಿಂತದ್ದನ್ನು ಅವನು ಅವತ್ತು ನೋಡಿದ. ಹರೀಶ ಹಲ್ಲು ಕಚ್ಚಿಕೊಂಡು ಸ್ಕ್ರೂ ಬಿಚ್ಚತೊಡಗಿದ. ಅರ್ಚಿತಾ ಮೋಟಾರು ಹಿಡಿದಳು, ಅಂಕಿತಾ ತಂತಿ ಕಟ್ಟಿದಳು. "ಹಾಳೆ ಹ್ಯಾಂಗೆ ಬಗ್ಗಿಸಿದ್ರಿ?" ಎಂದು ಹರೀಶ ಕೇಳುವುದಕ್ಕೂ ಕೊನೆಯ ಸ್ಕ್ರೂ ಬಿಗಿಯುವುದಕ್ಕೂ ಸರಿಹೋಯಿತು.

ಪಂದ್ಯ ಶುರುವಾಯಿತು. ಕಲಿಸುವವರೆಲ್ಲ ಬೆಂಚಿನ ಮೇಲೆ, ಸನ್ನೆ ಮಾಡುವಂತಿಲ್ಲ. ಎರಡು ಬಂಡಿ ಜೋಡೆತ್ತಿನ ಹಾಗೆ ಹೊರಟವು. ಅರ್ಧ ದಾರಿಯಲ್ಲಿ ಎಡದ್ದು ಒಂದು ಗೇಣು ಮುಂದಾಯಿತು. ದುರ್ಗನ ಕೈ ತಾನಾಗಿಯೇ ಹೆಗಲ ಟವೆಲಿಗೆ ಹೋಯಿತು.

"ಯಜಮಾನ್ರೇ, ಸನ್ನೆ ಮಾಡಬಾರದು" ಎಂದರು ತೀರ್ಪುಗಾರರು.

"ಬೆವರು ಒರಸೂದು ಸರ್."

ಬೀರ ಎದ್ದು ಬಂದು ಟವೆಲು ಕಿತ್ತುಕೊಂಡು ಅದರ ಮೇಲೇ ಕೂತ. "ಅವತ್ತು ಟವೆಲು ನೋಡದವ ಇವತ್ತು ಬೀಸ್ತ್ಯಾ? ಸುಮ್ನೆ ಕೂತ್ಕ."

ಆದರೆ ಟವೆಲಿನ ಅಗತ್ಯವೇ ಬೀಳಲಿಲ್ಲ. ರಿಮೋಟು ಹಿಡಿದ ಹುಡುಗಿಯರಿಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಅಂಕಿತಾ ತನ್ನ ಬಂಡಿಯ ಕಡೆ ನೋಡುತ್ತಲೇ ಇರಲಿಲ್ಲ, ಅರ್ಚಿತಾಳ ಬಂಡಿ ನೋಡುತ್ತಿದ್ದಳು, ಅರ್ಚಿತಾ ಅಂಕಿತಾಳದ್ದನ್ನು. ಒಬ್ಬಳ ಬಂಡಿ ಹಿಂದೆ ಬಿದ್ದರೆ ಇನ್ನೊಬ್ಬಳ ಬೆರಳು ತಾನೇ ಸಡಿಲವಾಗುತ್ತಿತ್ತು. ಓಟದ ಮೋಟಾರು ಹಾಕಿದ್ದ ಬೇರೆ ಶಾಲೆಗಳ ಬಂಡಿಗಳು ಬಲೆಯ ಭಾರಕ್ಕೆ ಏದುಸಿರು ಬಿಟ್ಟು, ಅಡ್ಡಾದಿಡ್ಡಿ ಎಳೆದು ಚೆಂಡು ಚೆಲ್ಲಿದ್ದವು. ಈ ಆಮೆಗಳು ಮೂರು ನಿಮಿಷಕ್ಕೆ ಐದು ಸೆಕೆಂಡು ಇರುವಾಗ ಗೆರೆ ದಾಟಿದವು. ನೂರರಲ್ಲಿ ತೊಂಬತ್ತೇಳು ಚೆಂಡು ಬಲೆಯೊಳಗಿದ್ದವು.

ಕಪ್ಪು ಕೊಟ್ಟರು. ಒಂದೇ ಕಪ್ಪು, ಎರಡು ಶಾಲೆ. ಆರಾರು ತಿಂಗಳು ಇಟ್ಟುಕೊಳ್ಳಿ ಎಂದರು. ಬಸ್ಸಿನಲ್ಲಿ ತೆಂಗಿನಗುಂಡಿ ಮುಟ್ಟುವವರೆಗೆ ಬೀರನಿಗೂ ದುರ್ಗನಿಗೂ ಜಗಳ.

"ಕಪ್ಪು ಬಂತಲ್ದಾ?"

"ಅರ್ಧ ಬಂತು."

"ಹಾಂಗಾದ್ರೆ ಅರ್ಧ ಬೋರ್ಡು ಬರೆಸ್ತೆ."

ಅರ್ಧ ಬೋರ್ಡು ಹೇಗೆಂದು ಹಿರಿಯರಿಬ್ಬರಿಗೂ ತಿಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಅಂಕಿತಾ ಮತ್ತು ಹರೀಶ ಅಷ್ಟು ಹೊತ್ತು ತಲೆಗೆ ತಲೆ ತಾಗಿಸಿ ಏನೋ ಚಿತ್ರ ಬರೆಯುತ್ತಿದ್ದರು.

ಈಗ ದುರ್ಗನ ಅಂಗಡಿಯ ಮುಂದೆ ಒಂದು ಬೋರ್ಡು ಇದೆ, ಎರಡು ಮುಖದ್ದು. ಒಂದು ಮುಖದಲ್ಲಿ 'ದುರ್ಗಣ್ಣ ಮೋಟಾರ್ ರಿವೈಂಡಿಂಗ್'. ಇನ್ನೊಂದರಲ್ಲಿ 'ಬಂಗುಡೆ ಬಿಟ್ಟ ದುರ್ಗ, ಮೋಟಾರ್ ರಿವೈಂಡಿಂಗ್', ನಾಗಮ್ಮ ಆರಿಸಿದ ಕೆಂಪು ಬಣ್ಣದಲ್ಲಿ. ನಡುವೆ ಅದನ್ನು ತಿರುಗಿಸಲು ಒಂದು ಅರವತ್ತು ಸುತ್ತಿನ ಮೋಟಾರು. ಕಪ್ಪು ಊರಲ್ಲಿರುವ ಆರು ತಿಂಗಳು 'ದುರ್ಗಣ್ಣ' ಮುಖ, ಕತಗಾಲದಲ್ಲಿರುವ ಆರು ತಿಂಗಳು ಕೆಂಪು ಮುಖ ಎಂದು ಮಾತು. ರಿಮೋಟು ಬೀರನ ಗಲ್ಲಾಪೆಟ್ಟಿಗೆಯಲ್ಲಿ ಇರುತ್ತದೆ.

ಕಪ್ಪು ಈಗ ಕತಗಾಲಕ್ಕೆ ಹೋಗಿದೆ. ಹೋಗುವಾಗ ದುರ್ಗನೇ ಹೊತ್ತು ಹೋಗಿ ಕೊಟ್ಟು ಬಂದ, ಜೊತೆಗೆ ಇನ್ನೂರು ಸುತ್ತಿನ ಎರಡು ಮೋಟಾರು, ಚೀಟಿ ಸಮೇತ. ಆದ್ದರಿಂದ ನ್ಯಾಯವಾಗಿ ಬೋರ್ಡಿನ ಕೆಂಪು ಮುಖವೇ ಕಾಣಬೇಕು. ಹೆಚ್ಚಿನ ದಿನ ಅದೇ ಕಾಣುತ್ತದೆ. ಆದರೆ ಬೀರನ ಚಾ ಅಂಗಡಿಯ ಫ್ಯಾನು ಹಳೆಯದು. ಸೆಕೆಗಾಲದಲ್ಲಿ ಆಗಾಗ ನಿಂತುಬಿಡುತ್ತದೆ, ಅದಕ್ಕೆ ತಂತಿ ಸುತ್ತುವವನು ಊರಲ್ಲಿ ಒಬ್ಬನೇ. ಫ್ಯಾನು ನಿಂತ ದಿನ ಬೀರ ರಸ್ತೆ ದಾಟಿ ಬರುವ ಮೊದಲು ಗಲ್ಲಾಪೆಟ್ಟಿಗೆ ತೆರೆಯುತ್ತಾನೆ. ಬೋರ್ಡು ಕಿರ್ರೆನ್ನುತ್ತ, ಆಮೆಯ ನಡಿಗೆಯಲ್ಲಿ, ಇನ್ನೊಂದು ಮುಖಕ್ಕೆ ತಿರುಗುತ್ತದೆ.

"ದುರ್ಗಣ್ಣ" ಎನ್ನುತ್ತಾನೆ ಬೀರ, ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತ.

ದುರ್ಗ ಕೂಡಲೇ ಏಳುವುದಿಲ್ಲ. ಬೋರ್ಡು ಪೂರ್ತಿ ತಿರುಗಲಿ ಎಂದು ಕಾಯುತ್ತಾನೆ.